ನೆನೆದ ಬೀಜದ ರುಚಿ

ಕಾಫಿ ಕೊಯ್ಲಿನ ಜನವರಿಯಲ್ಲಿ ಮೋಡ ಕವಿಯಿತೆಂದರೆ ಕೊಡಗು, ಚಿಕ್ಕಮಗಳೂರಿನ ಬೆಳೆಗಾರರ ಎದೆ ಡವಡವ ಎನ್ನುತ್ತದೆ. ಕಣದಲ್ಲಿ ಹರವಿದ ಹಣ್ಣು ಮಳೆಗೆ ಸಿಕ್ಕಿದರೆ ಬೂಷ್ಟು ಹಿಡಿಯುತ್ತದೆ, ವರ್ಷದ ದುಡಿಮೆಯ ಬೆಲೆ ಇಳಿಯುತ್ತದೆ. ಮನೆಮಂದಿಯೆಲ್ಲ ಟಾರ್ಪಾಲು ಹಿಡಿದು ಓಡುತ್ತಾರೆ. ಅದೇ ಮಂದಿ ಮಾರ್ಚ್ ಬಂದರೆ ಗಿಡಕ್ಕೆ ಹೂ ತರಿಸುವ ಹೂಮಳೆ ಯಾವಾಗ ಬಂದೀತೆಂದು ಆಕಾಶ ನೋಡುತ್ತ ಕೂರುತ್ತಾರೆ.

ಜೂನ್‌ನಲ್ಲಿ ಮಂಗಳೂರಿನ ಕಾಫಿ ಗೋದಾಮಿಗೆ ಹೋದರೆ ಇನ್ನೊಂದು ಸೋಜಿಗ. ಒಣಗಿಸಿ ಸಿಪ್ಪೆ ತೆಗೆದ ಬೀಜವನ್ನು ಅಲ್ಲಿ ಬೇಕೆಂದೇ ನೆಲಕ್ಕೆ ಹರವಿ, ಕಡಲಿನಿಂದ ಬೀಸುವ ಮುಂಗಾರಿನ ಒದ್ದೆಗಾಳಿಗೆ ಒಡ್ಡುತ್ತಾರೆ. ಆಗಾಗ ಕೈಯಾಡಿಸುತ್ತಾರೆ. ಚೀಲಗಳಿಗೆ ಸಡಿಲವಾಗಿ ತುಂಬಿ, ನಡುವೆ ಗಾಳಿ ಹಾಯುವಂತೆ ಪೇರಿಸುತ್ತಾರೆ. ಮಳೆಗಾಲ ಕಳೆಯುವಷ್ಟರಲ್ಲಿ ಹಸಿರು ಬೀಜ ಉಬ್ಬಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಹುಳಿ ಅಡಗಿ, ಮಂದವಾದ ಮಣ್ಣಿನ ಘಮ ಬಂದಿರುತ್ತದೆ. ಇದೇ ‘ಮಾನ್ಸೂನ್ಡ್ ಮಲಬಾರ್’.

ಇದು ಯಾರೋ ಕೂತು ಯೋಚಿಸಿ ಕಂಡುಹಿಡಿದ ರುಚಿಯಲ್ಲ. ಹಾಯಿಹಡಗಿನ ಕಾಲದಲ್ಲಿ ನಮ್ಮ ಕಾಫಿ ಆಫ್ರಿಕಾವನ್ನು ಬಳಸಿ ಯುರೋಪ್ ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಡಗಿನ ಹೊಟ್ಟೆಯಲ್ಲಿ ಕಡಲ ತೇವ ಕುಡಿದು ಬೀಜ ಬಣ್ಣಗೆಡುತ್ತಿತ್ತು. ಅಲ್ಲಿನವರ ನಾಲಗೆ ಅದಕ್ಕೇ ಒಗ್ಗಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗು ಬಂತು, ಬೀಜ ಹಸಿರಾಗಿಯೇ ದಡ ಸೇರತೊಡಗಿತು. ಹಳೆಯ ಗಿರಾಕಿಗಳಿಗೆ ಆ ತಾಜಾ ಕಾಫಿ ಸಪ್ಪೆಯೆನಿಸಿತಂತೆ! ದಾರಿಯಲ್ಲಿ ಆಗುತ್ತಿದ್ದ ಕೇಡನ್ನು ನಮ್ಮವರು ಕರಾವಳಿಯಲ್ಲೇ ಕಸುಬಾಗಿಸಿಕೊಂಡರು.

ಒಂದೊಂದು ಸೀಮೆಯ ಕಾಫಿಗೂ ಒಂದೊಂದು ಗುಣ. ಇಥಿಯೋಪಿಯಾದ ಯಿರ್ಗಚೆಫೆ ಲೋಟದಲ್ಲಿ ನಿಂಬೆ, ಮಲ್ಲಿಗೆಯ ಸುಳಿವು. ಕೀನ್ಯಾದ್ದಕ್ಕೆ ಹಣ್ಣಿನ ಚುರುಕು ಹುಳಿ. ಸುಮಾತ್ರಾದಲ್ಲಿ ಬೀಜ ಪೂರ್ತಿ ಒಣಗುವ ಮೊದಲೇ ಸಿಪ್ಪೆ ಬಿಡಿಸುವುದರಿಂದ ಕಾಡುಮಣ್ಣಿನ ವಾಸನೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಭಾರತದ ಐದು ಕಾಫಿಗಳಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಯ ಅರೇಬಿಕಾಗಳು ಕರ್ನಾಟಕದವು. ಮರದ ನೆರಳು, ಬೆಟ್ಟದ ಎತ್ತರ, ಒಣಗಿಸಿದ ಬಗೆ ಎಲ್ಲವೂ ಲೋಟದೊಳಗೆ ಬಂದು ಕೂರುತ್ತವೆ.

ಆದರೂ ಮನಸ್ಸು ಮತ್ತೆ ಮಂಗಳೂರಿನ ಗೋದಾಮಿಗೇ ಹೋಗುತ್ತದೆ. ಕಣದಲ್ಲಿ ಕೊಳೆಸುವ ತೇವ ಇಲ್ಲಿ ರುಚಿ ಕಟ್ಟುವುದು ಹೇಗೆ? ಇಲ್ಲಿಗೆ ಬರುವ ಬೀಜ ಮೊದಲೇ ಬಿಸಿಲಲ್ಲಿ ಚೆನ್ನಾಗಿ ಒಣಗಿರುತ್ತದೆ. ಒದ್ದೆಗಾಳಿಯಲ್ಲಿ ಬಿಟ್ಟ ಮೇಲೂ ಅದನ್ನು ಮರೆಯದೆ ತಿರುವಿ ಹಾಕುವ ಕೈಗಳಿರುತ್ತವೆ.

‘ಕಷ್ಟಪಟ್ಟರೆ ಮಕ್ಕಳು ಗಟ್ಟಿಯಾಗುತ್ತಾರೆ’ ಎನ್ನುವ ಹಿರಿಯರು ಅರ್ಧ ಮಾತನ್ನಷ್ಟೇ ಹೇಳುತ್ತಾರೆ. ಇನ್ನೂ ಹಸಿಯಾಗಿರುವಾಗ ಬಿದ್ದ ಮಳೆಗೆ ಬೂಷ್ಟು ಬರುತ್ತದೆ. ಆಗ ಬೇಕಾದದ್ದು ಟಾರ್ಪಾಲು ಹಿಡಿದು ಓಡಿಬರುವ ನಾಲ್ಕು ಜನ.