ಊರಲ್ಲಿ ಟೈಮ್ ನಿಧಾನವಾ?

"ನಿಮ್ಮೂರಲ್ಲಿ ಟೈಮೇ ನಿಂತುಬಿಟ್ಟಿದೆ ಗುರೂ." ಬೆಂಗಳೂರಿನಿಂದ ಕಳಸ, ಹೊರನಾಡು ಕಡೆ ಬಂದು ಹೋಂಸ್ಟೇಯಲ್ಲಿ ಎರಡು ರಾತ್ರಿ ಕಳೆದವರು ವಾಪಸ್ ಹೋಗಿ ಹೇಳೋ ಮಾತು ಇದು. ಮಂಜು, ಜಿಟಿಜಿಟಿ ಮಳೆ, ಸಿಗ್ನಲ್ ಸಿಗದ ಫೋನು, ಬೆಳಿಗ್ಗೆ ಬಿಸಿ ಬಿಸಿ ಕಡುಬು, ಎಲ್ಲ ಸೇರಿ ಹಾಗೆ ಅನ್ನಿಸೋದು ಸಹಜ. ಈಗೀಗ ಈ ಮಾತಿಗೆ ಸೈನ್ಸಿನ ಒಗ್ಗರಣೆಯೂ ಬೀಳ್ತಿದೆ. 2014ರ 'ಇಂಟರ್‌ಸ್ಟೆಲ್ಲಾರ್' ಸಿನಿಮಾ ಬಂದ ಮೇಲೆ, ಕಪ್ಪುಕುಳಿಯ ಪಕ್ಕದ ಗ್ರಹದಲ್ಲಿ ಒಂದು ಗಂಟೆ ಅಂದ್ರೆ ಭೂಮಿಯಲ್ಲಿ ಏಳು ವರ್ಷ ಅನ್ನೋದು ನಮ್ಮ ಪೀಳಿಗೆಗೆಲ್ಲ ಬಾಯಿಪಾಠ. "ಐನ್‌ಸ್ಟೈನೇ ಹೇಳಿದ್ದಾನಲ್ಲ, ಜಾಗ ಬದಲಾದ್ರೆ ಟೈಮೂ ಬದಲಾಗುತ್ತೆ" ಅಂದ್ರೆ ಮಾತು ಮುಗೀತು.

ನನಗೆ ಇಲ್ಲಿ ಎರಡು ಪ್ರಶ್ನೆ ಇವೆ. ಲೆಕ್ಕ ಬಾರದ ನಾವು ಇಂಥ ವಿಷಯವನ್ನು "ಅರ್ಥ ಆಗಿದೆ" ಅನ್ನಬಹುದಾ? ಅರ್ಧ ಅರ್ಥವಾದ ಸತ್ಯವನ್ನು ನಮ್ಮ ಅನುಕೂಲಕ್ಕೆ ಬಳಸಿಕೊಳ್ಳೋದು ಸರೀನಾ? ನಾನು ಬಿಇ ಓದಿದವನು, ದಿನವಿಡೀ ಕೋಡ್ ಬರೆಯುವವನು. ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳ ಮುಂದೆ ನಾನೂ ನಿಮ್ಮ ಹಾಗೆ ಜನಸಾಮಾನ್ಯನೇ.

ಮೊದಲು ವಿಷಯ ಏನು ಅಂತ ನೋಡೋಣ. ಗುರುತ್ವ ಜಾಸ್ತಿ ಇರುವ ಆಳದಲ್ಲಿ ಕಾಲ ನಿಧಾನ, ಎತ್ತರದಲ್ಲಿ ವೇಗ. ಅಂದ್ರೆ ಘಟ್ಟ ಹತ್ತಿದ ಹಾಗೆ ಗಡಿಯಾರ ಜೋರಾಗಿ ಓಡಬೇಕು. ಹೋಂಸ್ಟೇ ಅತಿಥಿಗಳ ಮಾತಿಗೆ ಇದು ಪೂರ್ತಿ ಉಲ್ಟಾ! ಎಷ್ಟು ಜೋರು? ಒಂದು ಮೀಟರ್ ಎತ್ತರಕ್ಕೆ ಸುಮಾರು 29 ಕೋಟಿ ವರ್ಷಗಳಲ್ಲಿ ಒಂದು ಸೆಕೆಂಡ್. ಹೊರನಾಡು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ. ಮಂಗಳೂರಿನ ಕಡಲತೀರದಲ್ಲಿ ಒಂದು ಮಗು, ಹೊರನಾಡಿನಲ್ಲಿ ಒಂದು ಮಗು ಒಂದೇ ಕ್ಷಣ ಹುಟ್ಟಿ, ಎರಡೂ ಊರು ಬಿಡದೆ 80 ವರ್ಷ ಬದುಕಿದರೆ, ಹೊರನಾಡಿನದ್ದು ಒಂದು ಸೆಕೆಂಡಿನ ಐದು ಸಾವಿರದಲ್ಲಿ ಒಂದು ಪಾಲಿನಷ್ಟು ಹಿರಿಯ. ಕಣ್ಣು ಮಿಟುಕಿಸೋ ಹೊತ್ತಿನ ನಾನೂರರಲ್ಲಿ ಒಂದು ಪಾಲೂ ಅಲ್ಲ. ಇನ್ನು ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರೋದರಿಂದ ಅಲ್ಲಿನ ಕಾಲ ಹೊರನಾಡಿಗಿಂತ ಒಂಚೂರು ಮುಂದೆ. ಎಷ್ಟು ಅಂದ್ರೆ, ವರ್ಷಕ್ಕೆ ಒಂದು ಮೈಕ್ರೋಸೆಕೆಂಡಿನ ಮೂರನೇ ಒಂದು ಪಾಲು.

ಯಾಕೆ ಹೀಗೆ? ಸಾಮಾನ್ಯವಾಗಿ ರಬ್ಬರ್ ಹಾಳೆ ಮೇಲೆ ಗುಂಡು ಇಟ್ಟು ತೋರಿಸ್ತಾರೆ. ನನಗೆ ಆ ಉಪಮೆ ಇಷ್ಟವಿಲ್ಲ. ಗುಂಡು ಹಾಳೆಯನ್ನು ಕೆಳಗೆ ಎಳೆಯೋದೇ ಗುರುತ್ವದಿಂದ, ಗುರುತ್ವವನ್ನು ವಿವರಿಸೋಕೆ ಗುರುತ್ವವನ್ನೇ ಕರೆದ ಹಾಗಾಯ್ತು. ಅದಕ್ಕಿಂತ ನಮ್ಮ ಕೆಎಸ್‌ಆರ್‌ಟಿಸಿ ಬಸ್ಸು ವಾಸಿ. ಕೊಟ್ಟಿಗೆಹಾರದಲ್ಲಿ ಬಸ್ಸು ಹೊರಟು ವೇಗ ಏರಿಸ್ತಾ ಇದೆ ಅಂದುಕೊಳ್ಳಿ. ಡ್ರೈವರ್ ಪಕ್ಕದಲ್ಲಿ ಒಬ್ಬ ಸರಿಯಾಗಿ ಸೆಕೆಂಡಿಗೊಮ್ಮೆ ಹಿಂದಕ್ಕೆ ಟಾರ್ಚ್ ಮಿನುಗಿಸ್ತಾನೆ. ಕೊನೇ ಸೀಟಿನಲ್ಲಿ ನೀವು. ಬೆಳಕು ನಿಮ್ಮ ಕಡೆ ಬರುವಷ್ಟರಲ್ಲಿ ಬಸ್ಸಿನ ವೇಗ ಇನ್ನಷ್ಟು ಏರಿರುತ್ತೆ. ಅಂದ್ರೆ ಟಾರ್ಚ್ ಹೊತ್ತಿದಾಗ ಇದ್ದದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ನೀವು ಬೆಳಕಿಗೆ ಎದುರಾಗಿ ಹೋಗ್ತಿರ್ತೀರಿ. ಎದುರಿನಿಂದ ಬರುವ ಬಸ್ಸಿನ ಹಾರ್ನ್ ಕೀರಲಾಗಿ ಕೇಳಿಸೋ ಹಾಗೆ, ಮಿನುಗುಗಳು ನಿಮಗೆ ಸೆಕೆಂಡಿಗಿಂತ ಒಂದು ಕೂದಲೆಳೆ ಬೇಗ ಬೇಗ ಸಿಗ್ತವೆ. ಬಸ್ಸಿನ ಉದ್ದ ಬದಲಾಗಿಲ್ಲ, ಇಬ್ಬರೂ ಸೀಟಿಂದ ಎದ್ದಿಲ್ಲ. ಹಾಗಾಗಿ ನೀವು ಹೇಳಬಹುದಾದ್ದು ಒಂದೇ, ಮುಂದಿನವನ ಗಡಿಯಾರ ಜೋರಾಗಿ ಓಡ್ತಿದೆ.

1907ರಲ್ಲಿ ಐನ್‌ಸ್ಟೈನ್‌ಗೆ ಹೊಳೆದದ್ದು ಇದರ ಮುಂದಿನ ಹೆಜ್ಜೆ. ವೇಗ ಏರಿಸೋ ಬಸ್ಸು ಬೆನ್ನನ್ನು ಸೀಟಿಗೆ ಒತ್ತೋದಕ್ಕೂ, ನೆಲ ನಮ್ಮ ಪಾದವನ್ನು ಒತ್ತೋದಕ್ಕೂ ಒಳಗೆ ಕೂತವನಿಗೆ ಫರಕು ಗೊತ್ತಾಗೋದಿಲ್ಲ. ಹಾಗಿದ್ರೆ ಬಸ್ಸಿನಲ್ಲಿ ಆದದ್ದು ನಿಂತ ಭೂಮಿಯ ಮೇಲೂ ಆಗಬೇಕು. ಬಸ್ಸಿನ ಮುಂದಿನ ಸೀಟು ಅಂದ್ರೆ ಘಟ್ಟದ ಮೇಲೆ, ಹಿಂದಿನ ಸೀಟು ಅಂದ್ರೆ ಘಟ್ಟದ ಕೆಳಗೆ. ಇಷ್ಟೇ.

ಒಮ್ಮೆ ಮನೆ ಜಗಲಿಯಲ್ಲಿ ಅಡಿಕೆ ಸುಲಿಯುವಾಗ ಇದನ್ನೆಲ್ಲ ಅಪ್ಪಯ್ಯನಿಗೆ ಹೇಳಿದೆ. ಅವರು ಓದಿದ್ದು ಎಸ್ಸೆಸ್ಸೆಲ್ಸಿ. ಗೋಡೆಯಲ್ಲಿ ಅವರೇ ವಾರಕ್ಕೊಮ್ಮೆ ಕೀ ಕೊಡುವ ಹಳೇ ಲೋಲಕದ ಗಡಿಯಾರ ಇದೆ. ಕೈಯ ಕೆಲಸ ನಿಲ್ಲಿಸದೆ ಅವರು ಕೇಳಿದ್ರು: "ಅದು ಗಡಿಯಾರದ್ದಾಯ್ತು ಮಾರಾಯ. ಚಳಿಗಾಲ, ಬೇಸಗೆಗೆ ನಮ್ಮ ಗಡಿಯಾರವೂ ಹೆಚ್ಚುಕಮ್ಮಿ ಓಡ್ತದೆ. ಅದಕ್ಕೆ ಕಾಲವೇ ಹೆಚ್ಚುಕಮ್ಮಿ ಆಯ್ತು ಅಂತ ಯಾರಾದ್ರೂ ಹೇಳ್ತಾರಾ?"

ಈ ವಿಷಯದಲ್ಲಿ ಇದಕ್ಕಿಂತ ಒಳ್ಳೇ ಪ್ರಶ್ನೆ ಇನ್ನೊಂದಿಲ್ಲ ಅಂತ ನನ್ನ ನಂಬಿಕೆ. ಯಾಕಂದ್ರೆ ಗುರುತ್ವದಿಂದ ಗಡಿಯಾರ ಮಾತ್ರ ಕೆಡುವುದೂ ಉಂಟು. 1672ರಲ್ಲಿ ಜೀನ್ ರಿಶೆ ಎಂಬ ಫ್ರೆಂಚ್ ಖಗೋಳಜ್ಞ ಪ್ಯಾರಿಸ್ಸಿನ ಲೋಲಕದ ಗಡಿಯಾರವನ್ನು ಸಮಭಾಜಕ ವೃತ್ತದ ಹತ್ತಿರದ ಕೇಯೆನ್‌ಗೆ ಒಯ್ದಾಗ ಅದು ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬಿತ್ತು. ಅಲ್ಲಿ ಗುರುತ್ವ ಸ್ವಲ್ಪ ಕಮ್ಮಿ, ಲೋಲಕ ಮೆಲ್ಲಗೆ ತೂಗುತ್ತೆ. ಅದೇ ಕಾರಣಕ್ಕೆ ಮಂಗಳೂರಿನಲ್ಲಿ ಸರಿ ಮಾಡಿದ ಲೋಲಕವನ್ನು ಚಾರ್ಮಾಡಿ ಹತ್ತಿಸಿ ಹೊರನಾಡಿಗೆ ತಂದ್ರೆ ದಿನಕ್ಕೆ ಕೆಲವು ಸೆಕೆಂಡ್ ಹಿಂದೆ ಬೀಳುತ್ತೆ. ಅದು ಯಂತ್ರದ ದೋಷ. ಐನ್‌ಸ್ಟೈನ್ ಹೇಳಿದ್ದಕ್ಕೆ ವಿರುದ್ಧ ದಿಕ್ಕು ಬೇರೆ.

ಹಾಗಾದ್ರೆ ಕಾಲವೇ ಬದಲಾಯ್ತು ಅನ್ನೋಕೆ ಏನು ಆಧಾರ? ನಾನು ಅಪ್ಪಯ್ಯನಿಗೆ ಕೊಟ್ಟ ಉತ್ತರ ಇದು. ಯಂತ್ರದ ದೋಷವಾದ್ರೆ ಒಂದೊಂದು ಯಂತ್ರ ಒಂದೊಂದು ಥರ ಕೆಡಬೇಕು. ಲೋಲಕ ನಿಧಾನವಾದ ಜಾಗದಲ್ಲಿ ಕ್ವಾರ್ಟ್ಸ್ ವಾಚು ತನ್ನ ಪಾಡಿಗೆ ಓಡುತ್ತೆ. ಆದ್ರೆ ಇಲ್ಲಿ ಹಾಗಾಗಲ್ಲ. 1960ರಲ್ಲಿ ಪೌಂಡ್ ಮತ್ತು ರೆಬ್ಕಾ ಹಾರ್ವರ್ಡಿನ ಕಟ್ಟಡವೊಂದರ 22.5 ಮೀಟರ್ ಎತ್ತರದಲ್ಲಿ ನೋಡಿದ್ದು ಕಬ್ಬಿಣದ ಪರಮಾಣು ಬೀಜದಿಂದ ಬರುವ ಗಾಮಾ ಕಿರಣವನ್ನು. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ವಿಮಾನದಲ್ಲಿ ಕೂರಿಸಿ ಪ್ರಪಂಚ ಸುತ್ತಿಸಿದ್ದು ಸೀಸಿಯಂ ಗಡಿಯಾರಗಳನ್ನು. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಅಲ್ಯೂಮಿನಿಯಂ ಗಡಿಯಾರವನ್ನು ಒಂದಡಿಗಿಂತ ಸ್ವಲ್ಪ ಎತ್ತರಿಸಿ ವ್ಯತ್ಯಾಸ ಅಳೆದರು. 2022ರಲ್ಲಿ ಸ್ಟ್ರಾನ್ಷಿಯಂ ಪರಮಾಣುಗಳಲ್ಲಿ ಒಂದೇ ಮಿಲಿಮೀಟರ್ ಎತ್ತರದ ವ್ಯತ್ಯಾಸವೂ ಸಿಕ್ಕಿತು. ಬೇರೆ ಬೇರೆ ವಸ್ತು, ಬೇರೆ ಬೇರೆ ವಿಧಾನ, ದಶಕಗಳ ಅಂತರ. ಎಲ್ಲವೂ ಅದೇ ಒಂದು ಸೂತ್ರಕ್ಕೆ ಕೂತವು. ಎಲ್ಲ ಗಡಿಯಾರವೂ, ಅದರ ಜೊತೆ ಎದೆಬಡಿತವೂ ಕಾಫಿ ಹಣ್ಣಾಗೋದೂ ಒಂದೇ ಪ್ರಮಾಣದಲ್ಲಿ ಬದಲಾದ್ರೆ, "ಗಡಿಯಾರ ಕೆಟ್ಟಿದೆ" ಅನ್ನೋ ಮಾತಿಗೆ ಅರ್ಥವೇ ಉಳಿಯೋದಿಲ್ಲ. ಬದಲಾದದ್ದಕ್ಕೆ ಕಾಲ ಅಂತಲೇ ಹೆಸರಿಡಬೇಕಾಗುತ್ತೆ.

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಸರಿ" ಅಂದ್ರು.

ಇದರಿಂದ ನನ್ನ ಮೊದಲ ಪ್ರಶ್ನೆಗೆ ಒಂದು ಉತ್ತರ ಸಿಗುತ್ತೆ. ಸಮೀಕರಣ ಬಿಡಿಸೋಕೆ ಬರದಿದ್ರೂ ಒಂದು ವಿಷಯ ಅರ್ಥವಾಗಬಹುದು. ಆದ್ರೆ ಅದನ್ನು ಸುಳ್ಳು ಮಾಡಬಲ್ಲ ಪ್ರಶ್ನೆ ಯಾವುದು ಅಂತ ನಮಗೆ ಗೊತ್ತಿರಬೇಕು, ಆ ಪ್ರಶ್ನೆ ಹೇಗೆ ಬಗೆಹರಿಯಿತು ಅಂತಲೂ ಗೊತ್ತಿರಬೇಕು. 'ಇಂಟರ್‌ಸ್ಟೆಲ್ಲಾರ್' ಡೈಲಾಗ್ ಬಾಯಿಪಾಠ ಇರುವವನಿಗಿಂತ "ಅದು ಗಡಿಯಾರದ್ದಾಯ್ತು" ಅಂದವರು ವಿಷಯಕ್ಕೆ ಹತ್ತಿರ ಇದ್ದಾರೆ. ಉಳಿದದ್ದು ನಂಬಿಕೆ, ನಿಜ. ನಾನು ಸ್ಟ್ರಾನ್ಷಿಯಂ ಗಡಿಯಾರ ನೋಡಿಲ್ಲ. ಅಳೆದವರನ್ನು ನಂಬಿದ್ದೇನೆ. ಆದ್ರೆ ಬೇರೆಯವರು ಮತ್ತೆ ಅಳೆದು ತಪ್ಪು ಹಿಡಿಯೋಕೆ ಬಾಗಿಲು ತೆರೆದಿಟ್ಟ ನಂಬಿಕೆ ಅದು. ನಾವೆಲ್ಲ ದಿನಾ ಅದನ್ನು ಬಳಸ್ತೀವಿ ಕೂಡ. ಜಿಪಿಎಸ್ ಉಪಗ್ರಹದ ಗಡಿಯಾರ, ಎತ್ತರ ಮತ್ತು ವೇಗ ಎರಡನ್ನೂ ಸೇರಿಸಿ, ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತೆ. ಅಷ್ಟರಲ್ಲಿ ಬೆಳಕು 11 ಕಿಲೋಮೀಟರ್ ಹೋಗುತ್ತೆ, ಕಳಸದಿಂದ ಹೊರನಾಡಿಗಿಂತ ದೂರ. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರೋದರಿಂದಲೇ ಮ್ಯಾಪ್ ನಂಬಿ ಬಂದವರು ಅನ್ನಪೂರ್ಣೇಶ್ವರಿಯ ಊಟದ ಹೊತ್ತಿಗೆ ಸರಿಯಾಗಿ ತಲುಪ್ತಾರೆ.

ಓದಿದವರ ಮೇಲೆ ಇಲ್ಲೊಂದು ಜವಾಬ್ದಾರಿಯೂ ಇದೆ. ಊರಲ್ಲಿ "ಮಗ ಇಂಜಿನಿಯರ್ರು, ಅವನು ಹೇಳಿದ್ರೆ ಸರಿಯೇ" ಅಂತ ನಂಬೋರಿದ್ದಾರೆ. ಆ ನಂಬಿಕೆಯ ಮೇಲೆ ಉಪಮೆಯನ್ನೇ ಸತ್ಯ ಅಂತ ದಾಟಿಸಿಬಿಡೋದು ಸುಲಭ. ಬೆಂಗಳೂರಿನಲ್ಲೇ ಹುಟ್ಟಿದ ಸಿ.ವಿ. ವಿಶ್ವೇಶ್ವರ ಅವರು 1970ರಲ್ಲಿ ಕಪ್ಪುಕುಳಿ ಅಲುಗಿದಾಗ ಅದು ಹೇಗೆ ಕಂಪಿಸಿ ಶಾಂತವಾಗುತ್ತೆ ಅಂತ ಲೆಕ್ಕ ಹಾಕಿದವರು. ಅಂಥ ಗುರುತ್ವದ ಅಲೆ 2015ರಲ್ಲಿ ಭೂಮಿಯ ಮೇಲೆ ಪತ್ತೆಯಾಯ್ತು. ಅವರೇ ಬೆಂಗಳೂರಿನ ನೆಹರು ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಶಾಲಾ ಮಕ್ಕಳಿಗೂ ಆಕಾಶ ತೋರಿಸಿದರು. ಆಳವಾಗಿ ಬಲ್ಲವರು ಅಷ್ಟು ಶ್ರಮ ಪಟ್ಟಿದ್ದಾರೆ. ಅರ್ಧ ಬಲ್ಲ ನಾವು ಕನಿಷ್ಠ ಉಪಮೆ ಎಲ್ಲಿಗೆ ಮುಗಿಯಿತು ಅಂತ ಹೇಳಬಹುದು.

ಈಗ ಎರಡನೇ ಪ್ರಶ್ನೆ. "ಎಲ್ಲ ಸಾಪೇಕ್ಷ ಕಣೋ, ಅವರವರ ಟೈಮು ಅವರವರಿಗೆ" ಅನ್ನೋದು ಐನ್‌ಸ್ಟೈನ್ ಹೆಸರಲ್ಲಿ ಚಲಾವಣೆಯಲ್ಲಿರುವ ಖೋಟಾ ನೋಟು. ಸಿದ್ಧಾಂತ ಹೇಳೋದು, ಅವರವರ ಗಡಿಯಾರ ಅವರವರಿಗೆ ಸರಿ, ಆದ್ರೆ ಒಂದರಿಂದ ಇನ್ನೊಂದಕ್ಕೆ ಲೆಕ್ಕ ಪೈಸೆ ಪೈಸೆಗೆ ತಾಳೆಯಾಗುತ್ತೆ ಅಂತ. ಆ ಲೆಕ್ಕ ಹಿಡಿದು ನೋಡಿದ್ರೆ "ಊರಲ್ಲಿ ಟೈಮ್ ನಿಂತಿದೆ" ಅನ್ನೋ ಮಾತು ನಿಲ್ಲೋದಿಲ್ಲ.

ಆ ಮಾತು ಯಾರಿಗೆ ಅನುಕೂಲ? ಟೂರಿಸ್ಟಿಗೆ ಅದು ಬರೀ ಖುಷಿ. ಊರು ಬಿಟ್ಟು ಬಂದ ನಮ್ಮಂಥವರಿಗೆ ಅದು ಸಬೂಬು. ಊರು ಹಾಗೇ ಇರುತ್ತೆ, ಈ ರಿಲೀಸ್ ಮುಗಿಯಲಿ, ಅಪ್ರೈಸಲ್ ಆಗಲಿ, ಮಳೆ ನಿಂತ ಮೇಲೆ ಹೋದ್ರಾಯ್ತು. ಭಾನುವಾರ ಫೋನ್ ಮಾಡಿದ್ರೆ ಅಮ್ಮನೂ "ಇಲ್ಲಿ ಎಂತ ಹೊಸದು, ಎಲ್ಲ ಹಾಗೇ ಉಂಟು" ಅಂತಾರೆ. ಆದ್ರೆ ಅಲ್ಲಿ ಮೆಣಸಿನ ಬಳ್ಳಿ ಸೊರಗಿರುತ್ತೆ, ಕೊಯ್ಲಿಗೆ ಜನ ಸಿಕ್ಕಿರೋದಿಲ್ಲ, ಕಣಕ್ಕೆ ಇಳಿಯೋ ಮೆಟ್ಟಿಲಲ್ಲಿ ಅಪ್ಪಯ್ಯ ಈಗ ಗೋಡೆ ಹಿಡಿದು ಇಳೀತಾರೆ. ನಾವು ನೋಡದ ಕಾಲವೂ ಪೂರ್ತಿ ವೇಗದಲ್ಲೇ ಓಡಿರುತ್ತೆ.

ಗುರುತ್ವ ನಮಗೂ ಅವರಿಗೂ ನಡುವೆ ಇಟ್ಟಿರೋ ಫರಕು ವರ್ಷಕ್ಕೆ ಒಂದು ಮೈಕ್ರೋಸೆಕೆಂಡಿನ ಮೂರನೇ ಒಂದು ಪಾಲು ಮಾತ್ರ. ಉಳಿದ ಅಂತರಕ್ಕೆ ಐನ್‌ಸ್ಟೈನ್‌ನನ್ನು ಕರೆಯೋ ಹಾಗಿಲ್ಲ, ಅದಕ್ಕೆ ರಜೆ ಅರ್ಜಿ ಹಾಕಬೇಕು.