ವಿರುದ್ಧರಾಜ್ಯಾತಿಕ್ರಮ ಮತ್ತು ಕೊಡಗಿನ ಮೆಣಸು

ಶ್ರಾವಕನು ಪಾಲಿಸಬೇಕಾದ ಐದು ಅಣುವ್ರತಗಳಲ್ಲಿ ವ್ಯಾಪಾರಿಗೆ ಅತ್ಯಂತ ಸಮೀಪದ್ದು ಅಚೌರ್ಯ. ಕನ್ನ ಹಾಕುವುದಾಗಲಿ, ಪರರ ಗಂಟಿಗೆ ಕೈಯಿಡುವುದಾಗಲಿ ವರ್ತಕರ ಮನೆತನಗಳಲ್ಲಿ ಕನಸಿನಲ್ಲಿಯೂ ಬಾರದ ಮಾತು. ಆದುದರಿಂದಲೇ ಈ ವ್ರತವು ತಮಗೆ ಸುಲಭಸಾಧ್ಯವೆಂದು ಅನೇಕರು ಭಾವಿಸುತ್ತಾರೆ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ಗಮನಿಸಿದರೆ, ಅವು ತಕ್ಕಡಿಯ ಮುಂದೆ ಕುಳಿತವನನ್ನು ಕುರಿತೇ ಹೇಳಿದಂತಿವೆ. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕದ್ದು ತಂದುದನ್ನು ಕೊಳ್ಳುವುದು, ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು, ಅಳತೆ ತೂಕಗಳಲ್ಲಿ ಹೆಚ್ಚುಕಡಿಮೆ ಮಾಡುವುದು, ಒಳ್ಳೆಯ ಸರಕಿನಲ್ಲಿ ಅದನ್ನೇ ಹೋಲುವ ಬೇರೆಯದನ್ನು ಬೆರೆಸುವುದು, ಇವೇ ಆ ಐದು. ಇವುಗಳಲ್ಲಿ ಮೂರನೆಯದಕ್ಕೆ ವಿರುದ್ಧರಾಜ್ಯಾತಿಕ್ರಮವೆಂದು ಹೆಸರು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುತ್ತ, ಬೆಲೆಬಾಳುವ ಸರಕು ಅಲ್ಪ ಬೆಲೆಗೆ ದೊರೆಯುವುದೆಂಬ ಆಸೆಯೇ ಇದರ ಮೂಲವೆಂದು ಸೂಚಿಸಿದ್ದಾರೆ.

ಒಂದು ಮೂಟೆ ಸರಕು ಎರಡು ಮೂರು ದೇಶಗಳ ಗಡಿಗಳನ್ನೂ ನಡುವಿನ ಸಮುದ್ರವನ್ನೂ ದಾಟಿ ಬರುವ ಈ ಕಾಲದಲ್ಲಿ ಯಾವ ರಾಜ್ಯದ ಕಟ್ಟಳೆ, ಯಾವುದರ ಅತಿಕ್ರಮ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಉತ್ತರವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಕೊಡಗಿನ ಕರಿಮೆಣಸಿನ ವೃತ್ತಾಂತವೇ ಸಾಕು.

ಕರ್ನಾಟಕದ ಮೆಣಸಿನ ಬಹುಪಾಲು ಬರುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಂದ. ಕಾಫಿ ತೋಟದ ನೆರಳಿನ ಮರಗಳಿಗೆ ಹಬ್ಬಿದ ಬಳ್ಳಿಯು, ಕಾಫಿಯ ಬೆಲೆ ಕುಸಿದ ವರ್ಷಗಳಲ್ಲಿ ಎಷ್ಟೋ ಸಣ್ಣ ಬೆಳೆಗಾರರ ಸಂಸಾರವನ್ನು ಎತ್ತಿಹಿಡಿದಿದೆ. 2016ರಲ್ಲಿ ಕಿಲೋ ಒಂದಕ್ಕೆ 600 ರೂಪಾಯಿಗೂ ಮೇಲಿದ್ದ ಬೆಲೆಯು 2018ರ ವೇಳೆಗೆ 400 ರೂಪಾಯಿಗಿಂತ ಕೆಳಗಿಳಿಯಿತು. ಜಗತ್ತಿನಲ್ಲಿಯೇ ಅತ್ಯಧಿಕ ಮೆಣಸು ಬೆಳೆಯುವ ವಿಯೆಟ್ನಾಂ ದೇಶದಲ್ಲಿ ಫಸಲು ಹೆಚ್ಚಿದ್ದು ಇದಕ್ಕೆ ಒಂದು ಕಾರಣ. ಅದರಲ್ಲಿ ಯಾರ ದೋಷವೂ ಇಲ್ಲ. ಆದರೆ ಅಲ್ಲಿನ ಮೆಣಸು ಶ್ರೀಲಂಕೆಯ ಹೆಸರಿನಲ್ಲಿ ಭಾರತಕ್ಕೆ ಬರುತ್ತಿದೆಯೆಂದು ಬೆಳೆಗಾರರ ಸಂಘಟನೆಗಳು ದೂರಿದವು. 2017ರಲ್ಲಿ ಗೋಣಿಕೊಪ್ಪಲಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ವಿಯೆಟ್ನಾಂ ಮೆಣಸನ್ನು ಕೊಡಗಿನ ಮೆಣಸಿನೊಡನೆ ಬೆರೆಸಲಾಗುತ್ತಿದೆಯೆಂಬ ಆಪಾದನೆ ಎದ್ದು ಬೆಳೆಗಾರರು ಪ್ರತಿಭಟಿಸಿದರು. ಕೇಂದ್ರ ಸರ್ಕಾರವು 2017ರ ಡಿಸೆಂಬರಿನಲ್ಲಿ ಆಮದು ಮೆಣಸಿಗೆ ಕಿಲೋ ಒಂದಕ್ಕೆ 500 ರೂಪಾಯಿಗಳ ಕನಿಷ್ಠ ಬೆಲೆಯನ್ನು ಗೊತ್ತುಪಡಿಸಿ, 2018ರ ಮಾರ್ಚಿನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನು ನಿಷೇಧಿಸಿತು.

ಶ್ರೀಲಂಕೆಯ ಹೆಸರೇ ಏಕೆ ಬೇಕಾಯಿತು? ಭಾರತವು ಹೊರದೇಶದ ಮೆಣಸಿನ ಮೇಲೆ ವಿಧಿಸುತ್ತಿದ್ದ ಮೂಲ ಸುಂಕ ನೂರಕ್ಕೆ 70. ಆದರೆ 1998ರ ಡಿಸೆಂಬರಿನಲ್ಲಿ ಸಹಿಯಾಗಿ 2000ದ ಮಾರ್ಚಿನಿಂದ ಜಾರಿಗೆ ಬಂದ ಭಾರತ-ಶ್ರೀಲಂಕಾ ಒಪ್ಪಂದವೂ, 2006ರಲ್ಲಿ ಆರಂಭವಾದ ದಕ್ಷಿಣ ಏಷ್ಯಾ ಮುಕ್ತ ವ್ಯಾಪಾರ ಒಪ್ಪಂದವೂ ಆ ದ್ವೀಪದಲ್ಲಿ ಬೆಳೆದ ಸರಕಿಗೆ ಭಾರಿ ರಿಯಾಯಿತಿ ನೀಡಿದವು. ನೆರೆಹೊರೆಯ ಸ್ನೇಹದಿಂದ ಹುಟ್ಟಿದ ರಿಯಾಯಿತಿ ಅದು. ಸರಕು ಅಲ್ಲಿಯದೇ ಎಂಬುದಕ್ಕೆ ಮೂಲ ಪ್ರಮಾಣಪತ್ರವೊಂದು ಆಧಾರ. ಆ ಪತ್ರ ಸುಳ್ಳಾದರೆ ಸ್ನೇಹವೇ ಕಳ್ಳದಾರಿಯಾಗುತ್ತದೆ.

ಸಮುದ್ರವಾದರೋ ಸಾಕ್ಷಿ ಹೇಳುವುದಿಲ್ಲ. 1982ರಲ್ಲಿ ರೂಪುಗೊಂಡು 1994ರಲ್ಲಿ ಜಾರಿಗೆ ಬಂದ, ಭಾರತವು 1995ರಲ್ಲಿ ಸ್ಥಿರೀಕರಿಸಿದ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ ಪ್ರಕಾರ, ಕರಾವಳಿಯ ರಾಷ್ಟ್ರಕ್ಕೆ 12 ನಾಟಿಕಲ್ ಮೈಲಿಗಳವರೆಗೆ ಸಾರ್ವಭೌಮತ್ವವಿದೆ. ಸುಂಕದ ಕಾನೂನನ್ನು ಮುರಿಯದಂತೆ ತಡೆಯುವ ಅಧಿಕಾರ 24 ಮೈಲಿಗಳವರೆಗೆ ಸಲ್ಲುತ್ತದೆ. ಯಾರ ಒಡೆತನಕ್ಕೂ ಸೇರದ ಮುಕ್ತ ಸಾಗರದಲ್ಲಿ ಹಡಗಿನ ಮೇಲೆ, ಕೆಲವು ಅಪವಾದಗಳನ್ನು ಬಿಟ್ಟರೆ, ಅದು ಹಾರಿಸುವ ಧ್ವಜದ ದೇಶದ ಆಳ್ವಿಕೆ ಮಾತ್ರ. ಹಡಗಿಗೆ ಧ್ವಜವುಂಟು, ಮೆಣಸಿನ ಕಾಳಿಗೆ ಧ್ವಜವಿಲ್ಲ. ಅದು ಯಾವ ನಾಡಿನದೆಂದು ಬಲ್ಲವರು ಕಳಿಸಿದವನೂ ತರಿಸಿಕೊಂಡವನೂ ಮಾತ್ರ.

ಇಂಥ ವಂಚನೆ ನಡೆದಲ್ಲಿ ಆ ಐದು ಅತಿಚಾರಗಳೂ ಒಂದೇ ಮೂಟೆಯಲ್ಲಿ ಸೇರಿಕೊಳ್ಳುತ್ತವೆ. ಸುಳ್ಳು ಪತ್ರವನ್ನು ಬರೆಸಿದವನದು ಪ್ರೇರಣೆ. ತಿಳಿದೂ ತಿಳಿಯದವನಂತೆ ಕೊಂಡವನದು ಕದ್ದುದರ ಸ್ವೀಕಾರ. ಸುಂಕ ತಪ್ಪಿಸಿದ್ದು ರಾಜ್ಯಾತಿಕ್ರಮ. ಸರಕುಪಟ್ಟಿಯಲ್ಲಿ ಬೆಲೆಯನ್ನು ಬೇಕಾದಂತೆ ಏರಿಸಿ ಇಳಿಸಿ ಬರೆಯುವುದು ಇಂದಿನ ಕಳ್ಳತೂಕ. ಕೊಡಗಿನ ಕಾಳಿನೊಡನೆ ಬೆರೆಸಿ ಮಾರುವುದು ಪ್ರತಿರೂಪಕ ವ್ಯವಹಾರ. ಕದ್ದದ್ದು ಸರ್ಕಾರದ ಸುಂಕವನ್ನು ಮಾತ್ರವೆಂದು ಹಗುರವಾಗಿ ಹೇಳುವವರಿದ್ದಾರೆ. ಅವರು ಕೊಡಗಿನ ಬೆಳೆಗಾರನ ಹೆಸರನ್ನೂ ಅವನಿಗೆ ಸಲ್ಲಬೇಕಾದ ಬೆಲೆಯನ್ನೂ ಕದ್ದಿರುತ್ತಾರೆ. ಶ್ರೀಲಂಕೆಯ ಬಡ ಬೆಳೆಗಾರನಿಗಾಗಿ ಮೀಸಲಾದ ರಿಯಾಯಿತಿಯನ್ನೂ ಕದ್ದಿರುತ್ತಾರೆ.

ಅನೇಕಾಂತ ದೃಷ್ಟಿಯವರು ಎದುರು ಪಕ್ಷವನ್ನೂ ಕೇಳಬೇಕು. ವಿಯೆಟ್ನಾಮಿನ ರೈತನೂ ಬೆವರು ಸುರಿಸಿದವನೇ. ನಿಜವಾದ ಹೆಸರಿನಲ್ಲಿ, ತೆರಬೇಕಾದ ಸುಂಕವನ್ನು ತೆತ್ತು ಅವನ ಮೆಣಸನ್ನು ತರುವವನು ವ್ರತಭಂಗಿಯಲ್ಲ. ಪರದೇಶದ ಸರಕು ಪಾಪವೆಂದು ಯಾವ ಆಚಾರ್ಯರೂ ಹೇಳಿಲ್ಲ. ಹಾಗೆಯೇ, ನೆಲ್ಲು ಗದ್ದೆ ಮೆಣಸು ಕಾಫಿ ಯಾವುದಕ್ಕೇ ಆಗಲಿ ಸುಂಕ ಎಷ್ಟಿರಬೇಕೆಂಬುದು ಅರಸುನೀತಿಯ ವಿಚಾರ. ಅದು ಹೆಚ್ಚಾಯಿತೆಂದು ವಾದಿಸುವ ಹಕ್ಕು ಎಲ್ಲರಿಗೂ ಇದೆ. ಆದರೆ ವಾದ ಮಾಡುವುದು ಒಂದು, ಸುಳ್ಳು ಹೆಸರಿಟ್ಟು ತಪ್ಪಿಸಿಕೊಳ್ಳುವುದು ಇನ್ನೊಂದು.

"ಪತ್ರ ಸರಿಯಾಗಿತ್ತು, ನಾನೇನು ಬಲ್ಲೆ" ಎಂಬುದು ವ್ಯಾಪಾರಿಯ ಹಳೆಯ ಸಮಾಧಾನ. ಈ ಸಮಾಧಾನವನ್ನು ಈಗ ಕಾನೂನೂ ಒಪ್ಪುವುದಿಲ್ಲ. 2020ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಸುಂಕ ನಿಯಮಗಳ ಪ್ರಕಾರ, ರಿಯಾಯಿತಿ ಕೋರುವ ಆಮದುದಾರನು ಪ್ರಮಾಣಪತ್ರವನ್ನು ತೋರಿಸಿದರಷ್ಟೇ ಸಾಲದು, ಸರಕಿನ ಮೂಲದ ವಿವರಗಳನ್ನು ತಾನೇ ತಿಳಿದು ಇಟ್ಟುಕೊಂಡಿರಬೇಕು, ತಕ್ಕ ಎಚ್ಚರ ವಹಿಸಿರಬೇಕು. ಎಚ್ಚರ ತಪ್ಪುವುದಕ್ಕೆ ನಮ್ಮ ಶಾಸ್ತ್ರದಲ್ಲಿ ಪ್ರಮಾದವೆಂದು ಹೆಸರು. ಕೊಡದುದನ್ನು ಪ್ರಮಾದದಿಂದ ತೆಗೆದುಕೊಳ್ಳುವುದೂ ಚೌರ್ಯವೇ ಎಂದು ಆಚಾರ್ಯರು ಎಂದೋ ಹೇಳಿದ್ದ ನೆಲೆಗೆ ಶಾಸನವು ಈಗ ಬಂದು ನಿಂತಿದೆ.

ಇಂದು ಸರಕುಪಟ್ಟಿ, ಪ್ರಮಾಣಪತ್ರ, ಹಣ ಎಲ್ಲವೂ ಗಣಕಯಂತ್ರಗಳ ಜಾಲದಲ್ಲಿ ಕ್ಷಣಮಾತ್ರದಲ್ಲಿ ಗಡಿ ದಾಟುತ್ತವೆ. ಅಲ್ಲಿ 12 ಮೈಲಿಯೂ ಇಲ್ಲ, 24 ಮೈಲಿಯೂ ಇಲ್ಲ. ಈ ಜಾಲದ ಅಪರಾಧಗಳ ವಿರುದ್ಧ ವಿಶ್ವಸಂಸ್ಥೆಯ ಮಹಾಸಭೆಯು ಒಡಂಬಡಿಕೆಯೊಂದನ್ನು ಅಂಗೀಕರಿಸಿದ್ದು 2024ರ ಡಿಸೆಂಬರ್ 24ರಂದು. ರಾಷ್ಟ್ರಗಳು ಅದಕ್ಕೆ ಸಹಿ ಹಾಕತೊಡಗಿದ್ದು 2025ರ ಅಕ್ಟೋಬರಿನಲ್ಲಿ, ವಿಯೆಟ್ನಾಮಿನ ರಾಜಧಾನಿ ಹನೋಯಿಯಲ್ಲಿಯೇ. ಶಾಸನವು ಅಪರಾಧದ ಹಿಂದೆ ನಡೆದು ಬರುತ್ತದೆ, ವ್ರತವು ಮುಂದೆ ನಿಂತು ಕಾಯಬೇಕು. ಯಾರೂ ನೋಡದ ಕಡೆ ಕಾಯುವುದಕ್ಕೆಂದೇ ವ್ರತವನ್ನು ಸ್ವೀಕರಿಸುವುದು.

ಕೊನೆಯದಾಗಿ ಬಸದಿಗಳ ಆಡಳಿತ ನಡೆಸುವವರು ಯೋಚಿಸಬೇಕಾದ ಮಾತೊಂದಿದೆ. ದಾನವೆಂದರೆ ತನ್ನ ಸ್ವತ್ತನ್ನು ಬಿಟ್ಟುಕೊಡುವುದೆಂದು ತತ್ತ್ವಾರ್ಥಸೂತ್ರದ ಅದೇ ಅಧ್ಯಾಯ ನಿರೂಪಿಸುತ್ತದೆ. ಹಾಗಾದರೆ ತನ್ನದಲ್ಲದ ಹಣದಿಂದ ಮಾಡಿಸಿದ ಅಭಿಷೇಕವೂ ಜೀರ್ಣೋದ್ಧಾರವೂ ಯಾರ ದಾನ? ಕೊಡಗಿನ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ ಬಸದಿಗಳು ಇಂದಿಗೂ ನಿಂತಿವೆ. ಕನ್ನಡ ನಾಡಿನ ದಾನಶಾಸನಗಳು ಬಿಟ್ಟ ಭೂಮಿಯ ನಾಲ್ಕು ಎಲ್ಲೆಗಳನ್ನೂ ಕಲ್ಲಿನಲ್ಲಿ ಬರೆಸಿ ಹೇಳುತ್ತಿದ್ದವು. ಕೊಡುವ ವಸ್ತು ಎಲ್ಲಿಯದು, ಎಲ್ಲಿಯವರೆಗೆ ತನ್ನದು ಎಂದು ಸಭೆಯೆದುರು ಸಾರಿ ಕೊಡುತ್ತಿದ್ದ ಕಾಲವದು. ಇಂದಿನ ರಸೀತಿಯಲ್ಲಿ ಆ ಎಲ್ಲೆಗಳನ್ನು ಬರೆಯಲು ಜಾಗವಿಲ್ಲ. ಪ್ರತಿಯೊಬ್ಬ ದಾನಿಯ ಲೆಕ್ಕವನ್ನು ತೆರೆದು ನೋಡುವುದು ಆಡಳಿತ ಸಮಿತಿಯ ಕೆಲಸವೂ ಅಲ್ಲ. ಆದರೆ ವಂಚನೆಯ ಹಣವೆಂದು ತಿಳಿದ ಮೇಲೆಯೂ ಸ್ವೀಕರಿಸಿದರೆ ಎರಡನೆಯ ಅತಿಚಾರವು ಬಸದಿಯ ಹೊಸ್ತಿಲನ್ನು ದಾಟಿ ಒಳಗೆ ಬಂದಂತಾಗುತ್ತದೆ. ಅಂಥ ದಾನಿಗೆ ಸಮಿತಿಯವರು ವಿನಯದಿಂದಲೇ ಹೇಳಬಹುದು: ಮೊದಲು ಸಲ್ಲಬೇಕಾದವರಿಗೆ ಸಲ್ಲಿಸಿರಿ, ಆಮೇಲೆ ಉಳಿದುದರಲ್ಲಿ ಒಂದು ಹಿಡಿ ಅಕ್ಕಿಯನ್ನು ತಂದರೂ ಸಾಕು.