ತತ್ತಿಯಿಡಲಾರದ ಹೇಂಟೆ ಮತ್ತು ಸಾಕಿದವರ ಋಣ

ಸಾಕಿದ ಪ್ರಾಣಿಯಿಂದ ದೊರೆಯುತ್ತಿದ್ದ ಪ್ರಯೋಜನವು ನಿಂತುಹೋದ ಮೇಲೆ ಆ ಪ್ರಾಣಿಯ ವಿಷಯದಲ್ಲಿ ನಮ್ಮ ಹೊಣೆಯೂ ನಿಂತುಹೋಗುವುದೇ? ಹಸುವಿನ ಸಂಬಂಧದಲ್ಲಿ ಈ ಪ್ರಶ್ನೆಯನ್ನು ನಮ್ಮ ಜನ ಬಹುಕಾಲದಿಂದ ಚರ್ಚಿಸುತ್ತ ಬಂದಿದ್ದಾರೆ. ಗೊಡ್ಡು ದನಕ್ಕೆ ಗೋಶಾಲೆಗಳಾದರೂ ಇವೆ. ಮುದಿ ಎತ್ತನ್ನು ಮಾರಲು ಮನಸ್ಸೊಪ್ಪದೆ ಕೊಟ್ಟಿಗೆಯಲ್ಲಿಯೇ ಉಳಿಸಿಕೊಂಡ ರೈತರನ್ನು ನಾವೆಲ್ಲ ಕಂಡಿದ್ದೇವೆ. ಕೋಳಿಯ ಮಟ್ಟಿಗೆ ಮಾತ್ರ ಇಂತಹದೊಂದು ಪ್ರಶ್ನೆಯುಂಟೆಂದೇ ಯಾರಿಗೂ ತೋರಿದಂತಿಲ್ಲ.

ನಮ್ಮ ಪ್ರಸಾದನಿಲಯದಲ್ಲಿದ್ದು ಓದಿ ಈಗ ನೌಕರಿಯಲ್ಲಿರುವ ಭಕ್ತರೊಬ್ಬರ ಪತ್ರ ಈ ವಿಚಾರಕ್ಕೆ ನಿಮಿತ್ತವಾಯಿತು. ನೆರೆಮನೆಯವರು ಊರು ಬಿಡುವಾಗ ಒಪ್ಪಿಸಿ ಹೋದ ನಾಲ್ಕು ಹೇಂಟೆಗಳು ಅವರ ಹಿತ್ತಲಿನಲ್ಲಿವೆ. ಒಂದು ಹೊಟ್ಟೆಯುಬ್ಬಿ, ಪುಕ್ಕ ಕೆದರಿ, ಮೂಲೆ ಹಿಡಿದು ಕುಳಿತಿದೆ. ಪಶುವೈದ್ಯರಲ್ಲಿಗೆ ಒಯ್ದರೆ ಆಗುವ ಖರ್ಚಿನಲ್ಲಿ ಹೊಸ ಹೇಂಟೆಗಳೇ ಬರುತ್ತವೆಂದು ಓಣಿಯವರು ನಗುತ್ತಾರೆ. ಕೊಯ್ಯಲು ಕೊಡಿರೆಂದು ಕೇಳುವವರೂ ಇದ್ದಾರೆ. "ಪೂಜ್ಯರೇ, ನಾನು ಮಾಡತಕ್ಕುದೇನು?" ಎಂಬುದು ಅವರ ಪ್ರಶ್ನೆ.

ಮಠದ ಪತ್ರಿಕೆಯಲ್ಲಿ ಕೋಳಿಯ ಮಾತೇಕೆಂದು ಹುಬ್ಬು ಗಂಟಿಕ್ಕುವವರು ಇರಬಹುದು. 2021ರಲ್ಲಿ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮಧ್ಯಾಹ್ನದ ಊಟದೊಡನೆ ತತ್ತಿ ಕೊಡಲು ಸರಕಾರ ತೊಡಗಿದಾಗ ಮಠಮಾನ್ಯಗಳಲ್ಲಿ ಎಷ್ಟೊಂದು ವಾದ ನಡೆಯಿತು! ತತ್ತಿ ತಿನ್ನುವ ಮಗುವಿನ ಮಾತು ಬಂದಿತು, ತಿನ್ನದ ಮಗುವಿನ ಮಾತೂ ಬಂದಿತು. ತತ್ತಿಯನ್ನಿಡುವ ಜೀವದ ಮಾತನ್ನು, ನಾವು ಕೇಳಿದ ಮಟ್ಟಿಗೆ, ಯಾರೂ ಎತ್ತಲಿಲ್ಲ.

ರೋಗದ ಸ್ವರೂಪವನ್ನು ಮೊದಲು ಅರಿಯಬೇಕು. ಅರಿಯದೆ ಧರ್ಮವಿಚಾರಕ್ಕೆ ತೊಡಗುವುದು ಗಾಳಿ ಗುದ್ದಿ ಮೈ ನೋಯಿಸಿಕೊಂಡಂತೆ. ಹೇಂಟೆಯಲ್ಲಿ ಸಾಮಾನ್ಯವಾಗಿ ಎಡಗಡೆಯ ಅಂಡಾಶಯವೊಂದೇ ಬೆಳೆದು ಕೆಲಸಮಾಡುತ್ತದೆ. ಅಲ್ಲಿ ಬಲಿತ ಹಳದಿ ಲೋಳೆಯ ಉಂಡೆಯು ಅಂಡನಾಳಕ್ಕಿಳಿದು, ಬಿಳಿಯ ಲೋಳೆಯನ್ನೂ ಪೊರೆಗಳನ್ನೂ ಕೊನೆಗೆ ಸುಣ್ಣದ ಓಡನ್ನೂ ಪಡೆದು ಹೊರಬರಲು 24ರಿಂದ 26 ತಾಸು ಹಿಡಿಯುತ್ತದೆ. ಅದರಲ್ಲಿ ಸುಮಾರು 20 ತಾಸು ಓಡಿನ ರಚನೆಗೇ ಸಲ್ಲುತ್ತದೆ. ಒಂದು ಓಡಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಅದು ಸಾಲದಾದಾಗ ಹೇಂಟೆ ತನ್ನ ಎಲುಬುಗಳಿಂದಲೇ ತೆಗೆದು ಕೊಡುತ್ತದೆ. ಎಲುಬುಗಳಲ್ಲೆಲ್ಲ ಸೇರಿ ಅದರ ಮೈಯಲ್ಲಿರುವುದಾದರೂ ಸುಮಾರು 20 ಗ್ರಾಂ ಮಾತ್ರ. ವರ್ಷಕ್ಕೆ 300 ತತ್ತಿಯಿಟ್ಟ ಹೇಂಟೆ 600 ಗ್ರಾಂನಷ್ಟನ್ನು ಹೊರಗೆ ಕೊಟ್ಟಿರುತ್ತದೆ. ಲೆಕ್ಕ ಬಲ್ಲವರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು.

ಈ ದಾರಿಯಲ್ಲಿ ಎಲ್ಲಿ ಬೇಕಾದರೂ ತೊಡಕು ಬಂದೀತು. ಕ್ಯಾಲ್ಸಿಯಂ ಕುಗ್ಗಿ ಸ್ನಾಯುಗಳು ಸೋತರೆ, ಇಲ್ಲವೆ ತತ್ತಿ ಮಿತಿಮೀರಿ ದೊಡ್ಡದಾದರೆ, ಅದು ನಾಳದಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಹಳದಿ ಲೋಳೆಯು ನಾಳಕ್ಕಿಳಿಯದೆ ಹೊಟ್ಟೆಯ ಟೊಳ್ಳಿನಲ್ಲಿ ಬಿದ್ದು ರೋಗಾಣು ಸೇರಿದರೆ ಹೊಟ್ಟೆಯಲ್ಲಿ ನೀರು ತುಂಬಿ ಉಸಿರಾಟವೇ ಕಷ್ಟವಾಗುತ್ತದೆ. ಮುಕ್ಕಿ ಮುಕ್ಕಿ ನಾಳವೇ ಹೊರಜಾರುವುದುಂಟು. ಆ ಕೆಂಪನ್ನು ಕಂಡ ಒಡನಾಡಿ ಕೋಳಿಗಳು ಅದನ್ನೇ ಕುಕ್ಕಿ ಕೊಲ್ಲುವುದೂ ಉಂಟು. ಸ್ತ್ರೀಯರ ಅಂಡಾಶಯದ ಕ್ಯಾನ್ಸರನ್ನು ಅಭ್ಯಸಿಸುವ ವಿಜ್ಞಾನಿಗಳು ಹೇಂಟೆಯನ್ನು ಆರಿಸಿಕೊಂಡಿದ್ದಾರೆ. ಯಾರೂ ಬರಿಸದೆ ಆ ರೋಗ ಅದಕ್ಕೆ ತಾನಾಗಿಯೇ ಬರುತ್ತದೆ. ಬಿಡುವಿಲ್ಲದ ಅಂಡೋತ್ಪತ್ತಿಗೂ ರೋಗಕ್ಕೂ ನಂಟಿದೆಯೆಂದು ಅವರು ಬಗೆಯುತ್ತಾರೆ.

ಇದೆಲ್ಲ ಆ ಪಕ್ಷಿಯ ಪ್ರಾರಬ್ಧವೆಂದು ಕೈತೊಳೆದುಕೊಳ್ಳಬಹುದೇ? ಬರುವುದಿಲ್ಲ. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯೆಂದು ಡಾರ್ವಿನ್ 1868ರ ಗ್ರಂಥದಲ್ಲಿ ಪ್ರತಿಪಾದಿಸಿದನು. (ನಮ್ಮ ಸಹ್ಯಾದ್ರಿಯ ಬೂದು ಕಾಡುಕೋಳಿಯ ಪಾಲೂ ಸ್ವಲ್ಪ ಸೇರಿದೆ, ಹಲವು ಸಾಕುಕೋಳಿಗಳ ಹಳದಿ ಚರ್ಮ ಅದರ ಬಳುವಳಿಯೆಂಬುದು ಆಮೇಲೆ ತಿಳಿದುಬಂದ ಸಂಗತಿ.) ಆ ಕಾಡುಕೋಳಿ ವರ್ಷಕ್ಕೆ ಇಡುವುದು ಹತ್ತು ಹದಿನೈದು ತತ್ತಿ. ಕಾವಿಗೆ ಕೂತಿತೆಂದರೆ ಇಡುವುದು ನಿಂತಿತು. ಮೈಗೆ ವಿಶ್ರಾಂತಿ ದೊರೆಯಿತು. ಮನುಷ್ಯನು ಹೆಚ್ಚು ಇಡುವುದನ್ನೇ ಆರಿಸಿ ಆರಿಸಿ ತಳಿ ಕಟ್ಟಿದನು; ಕಾವು ಕೂರುವ ಸ್ವಭಾವವನ್ನೇ ತಳಿಯಿಂದ ತೊಲಗಿಸಿದನು; ದೀಪ ಹಚ್ಚಿ ಹಗಲನ್ನು 16 ತಾಸಿಗೆ ಎಳೆದನು. ಜವಾರಿ ಕೋಳಿಯಲ್ಲಿ ಇನ್ನೂ ಹಳೆಯ ಬಿಡುವು ಉಳಿದಿದೆ. ಫಾರಂ ಕೋಳಿಯಲ್ಲಿ ಉಳಿದಿಲ್ಲ. ಇಡುವುದು ಕಡಿಮೆಯಾದೊಡನೆ, ಎರಡು ವರ್ಷ ತುಂಬುವ ಮೊದಲೇ, ಅದನ್ನು ಮಾಂಸಕ್ಕೆ ಮಾರುವುದು ಆ ಉದ್ಯಮದ ರೂಢಿ. ಆದುದರಿಂದ ಈ ರೋಗಗಳ ಪೂರ್ಣರೂಪವನ್ನು ಕಾಣುವವರು ಹೇಂಟೆಯನ್ನು ಮುಂದೆಯೂ ಬದುಕಗೊಟ್ಟವರು. ಆ ಭಕ್ತರ ಪಾಲಿಗೆ ಬಂದಿರುವ ಸಂಕಟ ಇಂತಹುದು.

ಜರ್ಮನಿಯ ತತ್ತ್ವಜ್ಞಾನಿ ಕಾಂಟನು ಹದಿನೆಂಟನೆಯ ಶತಮಾನದಲ್ಲಿ ತನ್ನ ವಿದ್ಯಾರ್ಥಿಗಳಿಗೆ ನೀತಿಶಾಸ್ತ್ರ ಹೇಳುವಾಗ ಮುದಿನಾಯಿಯ ಉದಾಹರಣೆಯನ್ನು ಎತ್ತಿಕೊಳ್ಳುತ್ತಿದ್ದನು. ಬಹುಕಾಲ ನಿಷ್ಠೆಯಿಂದ ದುಡಿದ ನಾಯಿಯನ್ನು ಅದು ಸಾಯುವವರೆಗೆ ಸಾಕಬೇಕೆಂಬುದು ಅವನ ಅಭಿಪ್ರಾಯ. ಆದರೆ ಅದಕ್ಕೆ ಅವನು ಕೊಟ್ಟ ಕಾರಣ ವಿಚಿತ್ರ: ಆ ಕರ್ತವ್ಯ ನಾಯಿಗೆ ಸಲ್ಲತಕ್ಕುದಲ್ಲ, ಪ್ರಾಣಿಯ ವಿಷಯದಲ್ಲಿ ಕಠಿಣನಾದವನು ಮನುಷ್ಯರ ವಿಷಯದಲ್ಲಿಯೂ ಕಠಿಣನಾಗುತ್ತಾನೆ, ಆದುದರಿಂದ. ಹಾಗಾದರೆ ನಾಯಿಯು ನಮ್ಮ ಸದ್ಗುಣದ ಅಭ್ಯಾಸಕ್ಕೆ ಒಂದು ಗರಡಿಮನೆ ಮಾತ್ರವೇ? ವಿಶ್ವವಿದ್ಯಾಲಯದಲ್ಲಿ ಇದನ್ನು ಓದುವಾಗಲೇ ನಮಗೆ ರುಚಿಸಿರಲಿಲ್ಲ. ನೋಯುತ್ತಿರುವುದು ಹೇಂಟೆ, ನಮ್ಮ ಶೀಲವಲ್ಲ.

ನಮ್ಮ ಪುರಾಣ ಪ್ರವಚನಗಳಲ್ಲಿ 'ಕರುಣೆ' ಎಂಬ ಮಾತು ಎಷ್ಟು ಬಳಕೆಯಾಗಿದೆಯೆಂದರೆ ಅದರ ತೂಕವನ್ನು ನೋಡುವುದನ್ನೇ ನಾವು ಬಿಟ್ಟಿದ್ದೇವೆ. ಕರುಣೆಯುಳ್ಳವನು ಕೊಟ್ಟರೆ ಹೊಗಳಿಕೆ, ಕೊಡದಿದ್ದರೆ ದೋಷವಿಲ್ಲ. ಸಾಲಗಾರನ ಸ್ಥಿತಿ ಬೇರೆ. ಹಾದಿಯಲ್ಲಿ ರೆಕ್ಕೆ ಮುರಿದು ಬಿದ್ದ ಪಾರಿವಾಳವನ್ನು ಎತ್ತಿಕೊಳ್ಳುವುದು ಕರುಣೆ. ನಾವೇ ಕಟ್ಟಿದ ತಳಿ, ನಾವೇ ಉಂಡ ಫಲ, ಅದರಿಂದಲೇ ಹುಟ್ಟಿದ ರೋಗ: ಇಲ್ಲಿ ಆರೈಕೆಯು ಋಣದ ತೀರುವಳಿಯೇ ಹೊರತು ದಾನವಲ್ಲ. ತಾನು ತತ್ತಿ ತಿನ್ನದ ಆ ಭಕ್ತರು, 'ಈ ಸಾಲ ನನ್ನದಲ್ಲ' ಎನ್ನಬಹುದು. ಆದರೆ ಒಪ್ಪಿಸಿಕೊಂಡ ದಿನವೇ ಅದು ಅವರ ಹೆಸರಿಗೆ ಬಂದಿತು.

ರೋಗಿಷ್ಠ ಮಕ್ಕಳಿಗೆ ಔಷಧವಿಲ್ಲದ ನಾಡಿನಲ್ಲಿ ಕೋಳಿಗೆ ಹಣ ಸುರಿಯುವುದೇ ಎಂಬ ಆಕ್ಷೇಪ ಬರುತ್ತದೆ. ಇದು ಹಗುರವಾದ ಆಕ್ಷೇಪವಲ್ಲ. ಮನೆಯ ಮಗುವಿನ ಪಥ್ಯವನ್ನು ಕಡಿದು ಹೇಂಟೆಗೆ ಶಸ್ತ್ರಚಿಕಿತ್ಸೆ ಮಾಡಿಸೆಂದು ನಾವು ಹೇಳಲಾರೆವು. ಸಾಲವೂ ಶಕ್ತಿಗೆ ತಕ್ಕಂತೆ ತೀರಬೇಕಾದುದು. ಆದರೆ ಈ ಆಕ್ಷೇಪವನ್ನು ಎತ್ತುವವರು ಉಳಿದ ಹಣವನ್ನು ಮಕ್ಕಳ ದವಾಖಾನೆಗೆ ಕೊಟ್ಟುದನ್ನು ನಾವು ಕಾಣೆವು. ಅಲ್ಲದೆ ಆರೈಕೆಯ ಬಹುಭಾಗ ಹಣದ್ದಲ್ಲ, ಹೊತ್ತಿನದು. ತತ್ತಿ ಸಿಕ್ಕಿಕೊಂಡ ಹೇಂಟೆಯನ್ನು ಉಳಿದವುಗಳಿಂದ ಬೇರ್ಪಡಿಸಿ ಬೆಚ್ಚಗಿನ ಮಬ್ಬುಗತ್ತಲೆಯಲ್ಲಿಡುವುದು, ಉಗುರುಬೆಚ್ಚಗಿನ ನೀರಿನಲ್ಲಿ ಹೊಟ್ಟೆಯವರೆಗೆ ಕಾಲು ಗಂಟೆ ಕೂರಿಸಿ ಆಮೇಲೆ ಚೆನ್ನಾಗಿ ಒರೆಸುವುದು, ವೈದ್ಯರು ಹೇಳಿದಷ್ಟು ಕ್ಯಾಲ್ಸಿಯಂ ಕೊಡುವುದು: ಇವು ಯಾರ ಕೈಗೂ ಮೀರಿದವಲ್ಲ. ಬಲವಂತವಾಗಿ ಹಿಸುಕಿ ಒಳಗೇ ತತ್ತಿಯೊಡೆದರೆ ಪ್ರಾಣಕ್ಕೆ ಎರವು. ಬೇಗ ಇಳಿಯದಿದ್ದರೆ, ಅಥವಾ ಹೊಟ್ಟೆ ನೀರು ತುಂಬಿ ಮೆತ್ತಗೆ ಉಬ್ಬಿದ್ದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಪಶುವೈದ್ಯರ ಬಳಿಗೆ ಒಯ್ಯಬೇಕು. ಉಳಿದ ಹೇಂಟೆಗಳಿಗೆ ಸಂಜೆಯ ಮೇಲೆ ದೀಪ ಹಚ್ಚದಿರುವುದೇ ಒಂದು ಉಪಕಾರ. ಬೆಳಕು ಕುಗ್ಗಿದರೆ ಇಡುವುದೂ ಕುಗ್ಗುತ್ತದೆ. ವಿದೇಶಗಳಲ್ಲಿ ಹಾರ್ಮೋನಿನ ಗುಳಿಗೆಯನ್ನು ಚರ್ಮದಡಿ ಇಟ್ಟು ಕೆಲವು ತಿಂಗಳು ತತ್ತಿಯನ್ನೇ ನಿಲ್ಲಿಸುವುದುಂಟು. ತತ್ತಿಗಾಗಿಯೇ ಕಟ್ಟಿದ ಜೀವಕ್ಕೆ ತತ್ತಿ ನಿಲ್ಲಿಸುವುದೇ ಚಿಕಿತ್ಸೆ!

ಆರೈಕೆ ಫಲಿಸದೆ ನೋವಷ್ಟೇ ಉಳಿದಾಗ ಏನು ಮಾಡಬೇಕು? 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಗುಣವಾಗದ ಯಾತನೆಯಲ್ಲಿದ್ದ ಕರುವೊಂದಕ್ಕೆ ಗಾಂಧೀಜಿಯವರು ವೈದ್ಯರಿಂದ ಸೂಜಿಮದ್ದು ಕೊಡಿಸಿ ಅದರ ನೋವನ್ನೂ ಪ್ರಾಣವನ್ನೂ ಮುಗಿಸಿದರು. ಅದನ್ನು ಬಚ್ಚಿಡದೆ ಪತ್ರಿಕೆಯಲ್ಲಿ ಬರೆದು, ಸಿಟ್ಟಿನ ಪತ್ರಗಳ ಮಳೆಯನ್ನು ಸಹಿಸಿದರು. ನಮ್ಮ ಹಿರಿಯರಲ್ಲಿ ಇದನ್ನೊಪ್ಪದವರಿದ್ದಾರೆ, ಅವರ ಮಾತನ್ನು ತಳ್ಳಿಹಾಕುವುದು ನಮಗೆ ಸುಲಭವಲ್ಲ. ಕೊಟ್ಟ ಪ್ರಾಣವನ್ನು ತೆಗೆಯುವ ಅಧಿಕಾರ ಯಾರದು ಎಂಬ ಅವರ ಪ್ರಶ್ನೆ ನಿಂತೇ ಇರುತ್ತದೆ. ಆದರೂ ಗಾಂಧೀಜಿಯವರ ಪಕ್ಷವೇ ನಮಗೆ ಸರಿಯೆನಿಸುತ್ತದೆ, ಒಂದು ಕಟ್ಟಿನೊಡನೆ: ತೀರ್ಪು ಹೇಳುವವರು ಬಲ್ಲ ವೈದ್ಯರಾಗಿರಬೇಕು, ಮತ್ತು ಮುಗಿಯಬೇಕಾದುದು ಹೇಂಟೆಯ ಸಂಕಟವಾಗಿರಬೇಕು, ನೋಡುವವರ ಬೇಸರವಾಗಿರಬಾರದು. ಎರಡನೆಯದನ್ನು ಮೊದಲನೆಯದರ ವೇಷದಲ್ಲಿ ತರುವುದರಲ್ಲಿ ನಮ್ಮ ಮನಸ್ಸು ಬಹು ಚತುರ.

ಇದಕ್ಕಿಂತ ಕೀಳಾದ ಮೂರನೆಯ ದಾರಿಯೊಂದು ರೂಢಿಯಲ್ಲಿದೆ. ರೋಗದ ಹೇಂಟೆಯನ್ನು ನಸುಕಿನಲ್ಲಿಯೇ ಬುಟ್ಟಿಯಲ್ಲಿ ಮುಚ್ಚಿ ಸಂತೆಗೆ ಸಾಗಿಸುವುದು. ಸಾಕಿದವನ ಕಣ್ಣೆದುರು ಅದು ಸಾಯಲಿಲ್ಲವೆಂಬ ಸಮಾಧಾನ ಅವನಿಗೆ. ಕೊಟ್ಟ ಔಷಧದ ಉಳಿಕೆ, ಮೈಯೊಳಗಿನ ಕೊಳೆ ಎರಡೂ ಅರಿಯದ ಯಾರದೋ ಮನೆಯ ಒಲೆಗೆ. ಆ ಭಕ್ತರಿಗೆ ನಾವು ಖಂಡಿತವಾಗಿ ಬೇಡವೆಂದು ಬರೆದುದು ಇದೊಂದನ್ನೇ.